ಕಾಣಿಕೆ ಡಬ್ಬಿಯಿಂದ ಲೈನ್ ಮನೆಯವರೆಗೆ

“ಸಿಸ್ಟರ್, ಈ ಸಲ ಚರ್ಚಿನಿಂದ ಎಂತ ಕೊಡ್ತಾರೆ?” ಎಸ್ಟೇಟಿನ ಲೈನ್ ಮನೆಗಳ ಕಡೆ ಹೋದಾಗ ನಮಗೆ ಮೊದಲು ಎದುರಾಗುವ ಪ್ರಶ್ನೆ ಇದು. ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಕುಳಿತಾಗ ಕೇಳಿಬರುವ ಪ್ರಶ್ನೆ ಸ್ವಲ್ಪ ಬೇರೆ: “ಸಿಸ್ಟರ್, ಈ ಸಲ ಎಷ್ಟು ಜನಕ್ಕೆ ಕೊಡೋಣ?” ಕೇಳುವವರು ಬೇರೆ ಬೇರೆ, ಇಬ್ಬರ ಮನಸ್ಸಿನಲ್ಲಿರುವ ಚಿತ್ರ ಮಾತ್ರ ಒಂದೇ. ಚರ್ಚಿನ ಅಂಗಳದಲ್ಲಿ ಒಂದು ಮೇಜು, ಮೇಜಿನ ಹಿಂದೆ ಅಕ್ಕಿ ಚೀಲ, ಮುಂದೆ ಒಂದು ಸಾಲು. ಸಮಾಜಸೇವೆ ಅಂದರೆ ಇಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಇದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ಸಾಲಿನಲ್ಲಿ ನಿಂತ ಎಷ್ಟೋ ಮಂದಿಗೆ ನಾವು ಕೊಡುವ ಅಕ್ಕಿಗಿಂತ ಎಷ್ಟೋ ಪಾಲು ದೊಡ್ಡ ಮೊತ್ತ ಬೇರೆ ಕಡೆಯಿಂದ ಬರಬೇಕಾಗಿದ್ದು ಅರ್ಧದಲ್ಲೇ ನಿಂತಿರುತ್ತದೆ. ಅದನ್ನು ಹುಡುಕಿ ಕೊಡಿಸುವುದೂ ಧರ್ಮಕೇಂದ್ರದ ಸೇವೆಯೇ. ನಮ್ಮ ಕಾಫಿ ಸೀಮೆಯ ಮಟ್ಟಿಗೆ ಅದೇ ಮೊದಲ ಸೇವೆ ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಇಲ್ಲಿ ವಿವರಿಸುತ್ತೇನೆ.

ಒಂದೇ ಪೂಜೆಗೆ ಬರುವ ಮೂವರು

ಬಾಬಾಬುಡನ್ ಅವರು ಏಳು ಕಾಫಿ ಬೀಜ ತಂದ ಕಥೆ ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ದೊಡ್ಡ ತೋಟಗಳು ಎದ್ದದ್ದು ಮಾತ್ರ 19ನೇ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳು ಬಂದ ಮೇಲೆ. ತೋಟಕ್ಕೆ ಆಳು ಬೇಕಾಯಿತು. ಘಾಟಿ ಹತ್ತಿ ದಕ್ಷಿಣ ಕನ್ನಡದ ಕೊಂಕಣಿಯವರು, ತುಳುವರು ಬಂದರು. ಮೇಸ್ತ್ರಿಗಳ ಹಿಂದೆ ತಮಿಳರು ಬಂದರು. ಹೀಗೆ ಬಂದ ಕ್ರೈಸ್ತರಲ್ಲಿ ಕೆಲವರು ರೈಟರ್ ಆದರು, ಕೆಲವರು ಸ್ವಂತ ತೋಟ ಮಾಡಿದರು, ಎಷ್ಟೋ ಮಂದಿ ಲೈನ್ ಮನೆಯಲ್ಲೇ ಉಳಿದರು. ಆಗ ನಮ್ಮದು ಮೈಸೂರು ಧರ್ಮಪ್ರಾಂತ್ಯ. 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಅಲ್ಫೋನ್ಸಸ್ ಮಥಾಯಸ್ ಅವರು ಮೊದಲ ಧರ್ಮಾಧ್ಯಕ್ಷರು. 1988ರಲ್ಲಿ ಶಿವಮೊಗ್ಗ ಬೇರೆಯಾದ ಮೇಲೆ ಚಿಕ್ಕಮಗಳೂರು, ಹಾಸನ ಜಿಲ್ಲೆಗಳು ನಮ್ಮಲ್ಲಿ ಉಳಿದವು.

ಈ ಇತಿಹಾಸದಿಂದಾಗಿ ಮೂಡಿಗೆರೆ, ಬಣಕಲ್, ಕಳಸದಂಥ ಊರುಗಳಲ್ಲಿ ಭಾನುವಾರ ಒಂದು ವಿಶೇಷ ಕಾಣುತ್ತದೆ. ತೋಟದ ಸಾಹುಕಾರರು, ಅದೇ ತೋಟದ ರೈಟರ್, ಅಲ್ಲಿ ಹಣ್ಣು ಕುಯ್ಯುವ ಹೆಂಗಸು, ಮೂವರೂ ಒಂದೇ ಬಲಿಪೂಜೆಗೆ ಬರುತ್ತಾರೆ. ಕಾಣಿಕೆ ಹಾಕುವವರಿಗೂ ಆ ಕಾಣಿಕೆಯಿಂದ ಸಹಾಯ ಪಡೆಯುವವರಿಗೂ ನಡುವೆ ನಾಲ್ಕು ಬೆಂಚಿನ ದೂರ. ಪಟ್ಟಣದ ಚರ್ಚುಗಳಿಗೆ ಇಲ್ಲದ ಅನುಕೂಲ ಇದು, ಅಷ್ಟೇ ಇಕ್ಕಟ್ಟು ಕೂಡ. ಬಟವಾಡೆಯ ಬಗ್ಗೆ, ರಜೆಯ ಬಗ್ಗೆ ಏನಾದರೂ ಕೇಳಬೇಕಾದರೆ ಆ ಹೆಂಗಸು ಎರಡು ಸಲ ಯೋಚಿಸುತ್ತಾಳೆ. ವಾಳೆಯ ಗುರಿಕಾರರೂ ಯೋಚಿಸುತ್ತಾರೆ. ಫಾದರ್‌ಗೂ ಸುಲಭ ಅಲ್ಲ. ಚರ್ಚಿನ ಹೊಸ ಹೆಂಚಿಗೆ ಯಾರು ಕೊಟ್ಟರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಹಾಗಾಗಿ ಅಕ್ಕಿ ಹಂಚುವುದು ಎಲ್ಲರಿಗೂ ಸುಲಭದ ದಾರಿಯಾಗಿ ಕಾಣುತ್ತದೆ. ಅದರಿಂದ ಯಾರಿಗೂ ಮುಜುಗರ ಇಲ್ಲ.

ಮೊದಲ ಧರ್ಮಸಭೆಯಲ್ಲೇ ಬಂದ ದೂರು

ಹಂಚುವುದರಲ್ಲಿ ಯಾರನ್ನೋ ಬಿಟ್ಟುಬಿಡುವುದು ಹೊಸದೇನೂ ಅಲ್ಲ. ಪ್ರೇಷಿತರ ಕಾರ್ಯಕಲಾಪಗಳು ಆರನೇ ಅಧ್ಯಾಯ ತೆಗೆದು ನೋಡಿ. ಜೆರುಸಲೇಮಿನಲ್ಲಿ ದಿನವೂ ವಿಧವೆಯರಿಗೆ ಊಟ ಹಂಚುತ್ತಿದ್ದರು. ಗ್ರೀಕ್ ಮಾತನಾಡುವ ವಿಧವೆಯರು ತಮ್ಮನ್ನು ಕಡೆಗಣಿಸುತ್ತಿದ್ದಾರೆ ಎಂಬ ದೂರು ಬಂತು. ಕೊಡುವ ಮನಸ್ಸಿಗೇನೂ ಬರ ಇರಲಿಲ್ಲ. ಹಂಚುವವರ ಭಾಷೆ ಒಂದು, ಬಿಟ್ಟುಹೋದವರ ಭಾಷೆ ಇನ್ನೊಂದು. ಪ್ರೇಷಿತರು ದೂರನ್ನು ತಳ್ಳಿಹಾಕದೆ ಏಳು ಜನರನ್ನು ಈ ಕೆಲಸಕ್ಕೆಂದೇ ಆರಿಸಿದರು. ಆ ಏಳು ಜನರ ಹೆಸರೂ ಗ್ರೀಕ್ ಹೆಸರೇ ಎಂಬುದನ್ನು ಗಮನಿಸಿ. ಬಿಟ್ಟುಹೋದವರ ಭಾಷೆ ಬಲ್ಲವರ ಕೈಗೇ ಪಟ್ಟಿಯನ್ನು ಕೊಟ್ಟರು ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ನಮ್ಮಲ್ಲಿ ಈಗ ಬಿಟ್ಟುಹೋಗುತ್ತಿರುವವರು ಯಾರು? ಕೆಲವು ವರ್ಷಗಳಿಂದ ನಮ್ಮ ತೋಟಗಳಿಗೆ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಕುಟುಂಬ ಸಮೇತ ಆಳುಗಳು ಬರುತ್ತಿದ್ದಾರೆ. ಊರಿನ ಹಳೆಯ ಕೂಲಿಕಾರರ ಮಕ್ಕಳು ಬೆಂಗಳೂರು, ಮಂಗಳೂರಿಗೆ ಹೋದರು. ಖಾಲಿಯಾದ ಲೈನ್ ಮನೆಗೆ ಇವರು ಬಂದರು. ಕನ್ನಡ ಬರುವುದಿಲ್ಲ, ಕೊಂಕಣಿ ಬರುವುದಿಲ್ಲ. ನಮ್ಮ ಧರ್ಮಕೇಂದ್ರದ ‘ಬಡ ಕುಟುಂಬಗಳ ಪಟ್ಟಿ’ ವಾಳೆಯಿಂದ ವಾಳೆಗೆ ಗುರಿಕಾರರು ಬರೆದು ಕೊಟ್ಟದ್ದು. ವಾಳೆಗೆ ಸೇರದವರು ಆ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಅವರಲ್ಲಿ ಕ್ರೈಸ್ತ ಆದಿವಾಸಿಗಳೂ ಇದ್ದಾರೆ, ಬೇರೆ ಧರ್ಮದವರೂ ಇದ್ದಾರೆ. ಸೇವೆಗೆ ಆ ಲೆಕ್ಕ ಇಲ್ಲ. ಪೋಪ್ ಬೆನೆಡಿಕ್ಟ್ ಅವರು 2005ರಲ್ಲಿ ಬರೆದ ‘ದೇವರು ಪ್ರೀತಿ’ ಎಂಬ ವಿಶ್ವಪತ್ರದಲ್ಲಿ, ಸೇವೆಯನ್ನು ಮತಕ್ಕೆ ಸೆಳೆಯುವ ಸಾಧನವಾಗಿ ಬಳಸಬಾರದು ಎಂದು ಸ್ಪಷ್ಟವಾಗಿ ತಿಳಿಸಿದ್ದಾರೆ. ಯಾರಾದರೂ ಕೇಳಿದರೆ ಇದನ್ನು ಹೇಳಿ.

ಮನೆಗೆ ಹೋಗದೆ ಪಟ್ಟಿ ಮಾಡಬಾರದು

1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಝನಾಂ ಎಂಬ 20 ವರ್ಷದ ಕಾಲೇಜು ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಸೇರಿ ಒಂದು ಸಣ್ಣ ಗುಂಪು ಕಟ್ಟಿದ. ಅದೇ ಮುಂದೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯಾಗಿ ಬೆಳೆದು ನಮ್ಮ ಧರ್ಮಕೇಂದ್ರಗಳವರೆಗೂ ಬಂದಿದೆ. ಈ ಸಭೆಯ ಹಳೆಯ ಕ್ರಮ ಒಂದುಂಟು: ಬಡವರನ್ನು ಕಚೇರಿಗೆ ಕರೆಸುವುದಲ್ಲ, ಇಬ್ಬಿಬ್ಬರಾಗಿ ಅವರ ಮನೆಗೆ ಹೋಗುವುದು. ನಾನು ಎಂ.ಎಸ್.ಡಬ್ಲ್ಯು. ಓದುವಾಗ ಮನೆಭೇಟಿಯ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿಸಿದರು. ವಿನ್ಸೆಂಟ್ ದೆ ಪೌಲ್ ಸಭೆಯ ಹಿರಿಯರು ಪುಸ್ತಕ ಇಲ್ಲದೆಯೇ ಅದನ್ನು ಮಾಡಿಕೊಂಡು ಬಂದಿದ್ದರು!

ಮನೆಗೆ ಹೋದರೆ ಏನು ತಿಳಿಯುತ್ತದೆ? ಮೇಜಿನ ಮುಂದೆ ನಿಂತವಳು “ಕಷ್ಟ ಸಿಸ್ಟರ್” ಎನ್ನುತ್ತಾಳೆ, ಅಷ್ಟೇ. ಮನೆಯೊಳಗೆ ಕುಳಿತರೆ ಕಷ್ಟಕ್ಕೆ ಹೆಸರು ಬರುತ್ತದೆ. ಗೋಡೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್ ಕಾರ್ಡು, ಹಳೆಯ ಪಿ.ಎಫ್. ಚೀಟಿ, ಗಂಡನ ಮರಣ ಪತ್ರ, ಸಾಲದ ಪಾಸ್‌ಬುಕ್ಕು ಎಲ್ಲ ಒಟ್ಟಿಗೆ ಇರುತ್ತವೆ. ಆ ಚೀಲವನ್ನು ಬಿಡಿಸಿ ಕೂತರೆ ಅರ್ಧ ಗಂಟೆಯಲ್ಲಿ ಆ ಕುಟುಂಬದ ಇಡೀ ಕಥೆ ಗೊತ್ತಾಗುತ್ತದೆ. ನಮ್ಮ ಕಾರ್ಯಕರ್ತೆಯರಿಗೆ ನಾನು ಹೇಳುವುದು ಇದನ್ನೇ: ಮೊದಲು ಚೀಲ ನೋಡಿ, ಆಮೇಲೆ ಅಕ್ಕಿಯ ಮಾತು.

ಬರಬೇಕಾದದ್ದು ಬೇರೆ, ಕೊಡುವುದು ಬೇರೆ

ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶ್ರೀಸಾಮಾನ್ಯ ಕ್ರೈಸ್ತರ ಸೇವಾಕಾರ್ಯದ ಬಗ್ಗೆ ಒಂದು ದಾಖಲೆ ಹೊರಡಿಸಿತು. ಅದರ ಎಂಟನೇ ಪರಿಚ್ಛೇದದ ತಿರುಳು ಇಷ್ಟು: ನ್ಯಾಯವಾಗಿ ಒಬ್ಬರಿಗೆ ಸಲ್ಲಬೇಕಾದದ್ದನ್ನು ದಾನವೆಂಬಂತೆ ಕೊಡಬಾರದು, ಮೊದಲು ನ್ಯಾಯದ ಬಾಕಿ ತೀರಬೇಕು. ಇದನ್ನು ನಮ್ಮ ಎಸ್ಟೇಟಿನ ಲೆಕ್ಕಕ್ಕೆ ತಂದು ನೋಡೋಣ.

ಒಬ್ಬ ಹೆಂಗಸು ಒಂದೇ ಎಸ್ಟೇಟಿನಲ್ಲಿ 22 ವರ್ಷ ಕೆಲಸ ಮಾಡಿ ಬಿಟ್ಟಳು ಎಂದುಕೊಳ್ಳಿ. ಗ್ರಾಚ್ಯುಟಿ ನಿಯಮದ ಪ್ರಕಾರ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಕೂಲಿ. 22 ವರ್ಷಕ್ಕೆ 330 ದಿನದ ಕೂಲಿ ಆಯಿತು, ಅದೂ ಕೊನೆಗೆ ಪಡೆಯುತ್ತಿದ್ದ ಕೂಲಿಯ ದರದಲ್ಲಿ. ಸುಮಾರು ಒಂದು ವರ್ಷದ ದುಡಿಮೆ! ಅದು ಬಾರದೆ ಅವಳು ಕ್ರಿಸ್ಮಸ್ ಹೊತ್ತಿಗೆ ಚರ್ಚಿನ ಸಾಲಿನಲ್ಲಿ ನಿಂತು 10 ಕಿಲೋ ಅಕ್ಕಿ ಪಡೆದರೆ, ನಾವು ಅವಳಿಗೆ ಉಪಕಾರ ಮಾಡಿದೆವು ಎನ್ನುವುದು ಹೇಗೆ? ಬೇರೆಯವರ ಬಾಕಿಯ ಬಡ್ಡಿಯನ್ನು ಬಡವರ ಡಬ್ಬಿಯಿಂದ ನಾವು ಕಟ್ಟಿದ ಹಾಗಾಯಿತು.

ಗ್ರಾಚ್ಯುಟಿಗೆ ಸಾಮಾನ್ಯವಾಗಿ 5 ವರ್ಷ ನಿರಂತರ ಸೇವೆ ಬೇಕು. ಕೆಲಸಗಾರರು ತೀರಿಕೊಂಡರೆ ಅಥವಾ ಅಂಗವಿಕಲರಾದರೆ 5 ವರ್ಷದ ಷರತ್ತು ಇಲ್ಲ. ವರ್ಷಕ್ಕೆ 240 ದಿನ ಹಾಜರಿ ಇದ್ದರೆ ಆ ವರ್ಷ ಲೆಕ್ಕಕ್ಕೆ ಬರುತ್ತದೆ. ಹಾಗಾಗಿಯೇ ಚೆಕ್‌ರೋಲಿನಲ್ಲಿ ಹೆಸರು ಇದೆಯೇ, ದಿನಗಳು ಸರಿಯಾಗಿ ಬಿದ್ದಿವೆಯೇ ಎಂಬುದು ಮುಖ್ಯ. ಅರ್ಜಿ ತಡವಾಯಿತು ಎಂಬ ಒಂದೇ ಕಾರಣಕ್ಕೆ ಕೊಡುವುದಿಲ್ಲ ಎನ್ನಲು ಬರುವುದಿಲ್ಲ. 1972ರ ಗ್ರಾಚ್ಯುಟಿ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿ 2025ರ ನವೆಂಬರ್ 21ರಿಂದ ಹೊಸ ಹೆಸರಿನಲ್ಲಿ ಜಾರಿಯಾಗಿದೆ. 15 ದಿನದ ಲೆಕ್ಕ ಮಾತ್ರ ಹಳೆಯದೇ.

ಪಿ.ಎಫ್. ವಿಷಯ ಇನ್ನೂ ಗೋಜಲು. ನಮ್ಮಲ್ಲಿ ಒಬ್ಬರಿಗೇ ಮೂರು ಹೆಸರು ಇರುವುದು ಸಾಮಾನ್ಯ. ಜ್ಞಾನಸ್ನಾನದಲ್ಲಿ ಸೆಲಿನ್, ಚೆಕ್‌ರೋಲಿನಲ್ಲಿ ಸೆಲ್ಲಮ್ಮ, ಆಧಾರಿನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ಹುಟ್ಟಿದ ತಾರೀಕಂತೂ ರೈಟರ್ ಅಂದಾಜಿನಲ್ಲಿ ಬರೆದದ್ದು. ಮೂರೂ ಹೊಂದದಿದ್ದರೆ ದುಡ್ಡು ಹೊರಗೆ ಬರುವುದಿಲ್ಲ. ಇಲ್ಲಿ ಧರ್ಮಕೇಂದ್ರ ಮಾಡಬಹುದಾದ ಒಂದು ಸಹಾಯ ಬೇರೆ ಯಾರಿಂದಲೂ ಆಗುವುದಿಲ್ಲ: ನಮ್ಮ ಜ್ಞಾನಸ್ನಾನದ ರಿಜಿಸ್ಟರ್! ಹುಟ್ಟಿದ ದಿನ, ತಂದೆ ತಾಯಿ, ಊರು ಎಲ್ಲ ಅದರಲ್ಲಿ ಇದೆ. ಆ ಪ್ರಮಾಣಪತ್ರವೊಂದರಿಂದಲೇ ತಿದ್ದುಪಡಿ ಆಗಿಬಿಡುತ್ತದೆ ಎಂದಲ್ಲ, ಆದರೆ ಎಲ್ಲಿಂದ ಹಿಡಿಯಬೇಕು ಎಂಬ ತುದಿ ಸಿಗುತ್ತದೆ. ಹಳೆಯ ಪುಸ್ತಕ ಹುಡುಕುವಾಗ ಆಫೀಸಿನಲ್ಲಿ ದಯವಿಟ್ಟು ಬೇಸರಪಡಬೇಡಿ.

ಹತ್ತು ವರ್ಷ ಪಿಂಚಣಿ ವಂತಿಗೆ ಕಟ್ಟಿದವರಿಗೆ 58 ತುಂಬಿದ ಮೇಲೆ ತಿಂಗಳ ಪಿಂಚಣಿ ಉಂಟು. ಎಸ್ಟೇಟಿನಿಂದ ಎಸ್ಟೇಟಿಗೆ ಹೋದವರು ಪ್ರತಿ ಸಲ ಹೊಸ ನಂಬರು ಮಾಡಿಸಿಕೊಂಡು, ಹಳೆಯದನ್ನು ಸೇರಿಸದೆ ಬಿಟ್ಟು, “ನಂಗೆ ಹತ್ತು ವರ್ಷ ಆಗ್ಲಿಲ್ಲ” ಎಂದು ಕುಳಿತಿರುತ್ತಾರೆ. ನಾಲ್ಕು ವರ್ಷ ಅಲ್ಲಿ, ಏಳು ವರ್ಷ ಇಲ್ಲಿ, ಕೂಡಿಸಿದರೆ ಹನ್ನೊಂದು! ಇನ್ನು ವಿಧವೆಯರ ಮಾತು. ಗಂಡ ಕೆಲಸದಲ್ಲಿ ಇದ್ದಾಗಲೇ ತೀರಿಕೊಂಡಿದ್ದರೆ ಹತ್ತು ವರ್ಷದ ನಿಯಮ ಅನ್ವಯಿಸುವುದಿಲ್ಲ. ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಹೆಂಡತಿಗೆ ಪಿಂಚಣಿ, ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ಪಿಂಚಣಿ ಸಿಗುತ್ತದೆ. ಇದನ್ನು ತಿಳಿಯದೆ ವರ್ಷಗಟ್ಟಲೆ ಸುಮ್ಮನೆ ಇರುವ ವಿಧವೆಯರು ನಮ್ಮ ಲೈನ್ ಮನೆಗಳಲ್ಲಿ ಇದ್ದಾರೆ. ಭವಿಷ್ಯನಿಧಿ ಕಚೇರಿ ಚಿಕ್ಕಮಗಳೂರಿನಲ್ಲೇ ಇದೆ, ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆದರೆ ಕಳಸದ ಆಚೆಯಿಂದ ಬರುವವಳಿಗೆ ಒಂದು ದಿನದ ಕೂಲಿ ಹೋಗಿ, ಬಸ್ಸಿನ ಖರ್ಚು ಬೇರೆ. ಆ ಬಸ್ ಚಾರ್ಜು, ಜೊತೆಗೆ ಹೋಗಲು ಒಬ್ಬರು: ಬಡವರ ಡಬ್ಬಿಯ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ಕಾಣುವುದಿಲ್ಲ.

ಹಾಗಾದರೆ ಸಾಹುಕಾರರ ಮೇಲೆ ಜಗಳಕ್ಕೆ ಹೋಗಬೇಕೇ ಎಂದು ಕೆಲವರು ಕೇಳುತ್ತಾರೆ. ಎಲ್ಲ ಕಡೆಯೂ ಜಗಳದ ಅಗತ್ಯ ಬೀಳುವುದಿಲ್ಲ. ಎಷ್ಟೋ ಸಲ ರೈಟರ್ ಬದಲಾಗಿ, ಹಳೆಯ ಪುಸ್ತಕ ಸಿಗದೆ ನಿಂತಿರುತ್ತದೆ. ಫಾದರ್ ಒಂದು ಮಾತು ಆಡಿದರೆ ಮುಂದೆ ಹೋಗುತ್ತದೆ. ಮಾತಿಗೆ ಬಗ್ಗದ ಕಡೆ ಕಾರ್ಮಿಕ ಇಲಾಖೆ ಇದೆ. ಮೆತ್ತಗೆ ಕೇಳಿದರೂ ಕೇಳಲೇಬೇಕು ಎಂಬುದು ಮಾತ್ರ ನನ್ನ ಗಟ್ಟಿ ನಿಲುವು. ದುಡಿಮೆಯ ಕೂಲಿ ಒಂದು ಕುಟುಂಬ ಬದುಕುವಷ್ಟು ಇರಬೇಕು ಎಂದು ಪೋಪ್ 13ನೇ ಲಿಯೋ 1891ರಲ್ಲೇ ವಾದಿಸಿದ್ದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಅವರು ‘ಲಿಯೋ’ ಎಂಬ ಹೆಸರು ಆರಿಸಿಕೊಂಡಾಗಲೂ ಆ ವಿಶ್ವಪತ್ರವನ್ನೇ ನೆನಪಿಸಿದರು.

ಕಾಯ್ದೆ ಮುಟ್ಟದ ಸಣ್ಣ ತೋಟಗಳು

ಇಲ್ಲಿ ಸಣ್ಣ ಬೆಳೆಗಾರರ ಪಕ್ಷವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ಶಿಶುವಿಹಾರ, ಶಾಲೆ, ಔಷಧಿ ಇವೆಲ್ಲ ಮಾಲೀಕರ ಹೊಣೆ ಎಂದು ಬರೆಯಿತು. ಈಗ ಆ ವಿಷಯಗಳೂ ಹೊಸ ಕಾರ್ಮಿಕ ಸಂಹಿತೆಗೆ ಸೇರಿವೆ. ಆದರೆ ಕಾಯ್ದೆಯ ಲೆಕ್ಕಕ್ಕೆ ಬರಬೇಕಾದರೆ ತೋಟ ಕನಿಷ್ಠ 5 ಹೆಕ್ಟೇರ್, ಅಂದರೆ ಹನ್ನೆರಡು ಎಕರೆಗಿಂತ ಸ್ವಲ್ಪ ಹೆಚ್ಚು ಇರಬೇಕು. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವೇ. ನಾಲ್ಕು ಎಕರೆಯವನ ತೋಟದಲ್ಲಿ ಹಣ್ಣು ಕುಯ್ಯುವವಳಿಗೆ ಪಿ.ಎಫ್. ಇಲ್ಲ, ಶಿಶುವಿಹಾರ ಇಲ್ಲ. ಕೊಡಿಸಿ ಎಂದು ಆ ನಾಲ್ಕು ಎಕರೆಯವನನ್ನು ಕೇಳಿದರೆ ಅವನೇ ಸಹಕಾರ ಸಂಘದ ಸಾಲದಲ್ಲಿ ಇರುತ್ತಾನೆ.

2001-02ರ ಸುಮಾರಿಗೆ ಪ್ರಪಂಚದಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಕುಯ್ದ ಕೂಲಿಯೂ ಹುಟ್ಟದ ಸ್ಥಿತಿ ಬಂದಿತ್ತು. 2019ರ ಆಗಸ್ಟಿನಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡ ಕುಸಿದು ಮನೆ, ತೋಟ ಎರಡೂ ಹೋದವು. ಚಾರ್ಮಾಡಿ ರಸ್ತೆ ಮುಚ್ಚಿತು. ಆಗ ನೆರವು ಕೇಳಿದವರಲ್ಲಿ ಬೆಳೆಗಾರರೂ ಇದ್ದರು, ಆಳುಗಳೂ ಇದ್ದರು. ವ್ಯತ್ಯಾಸ ಇಷ್ಟೇ: ಬೆಳೆಗಾರನಿಗೆ ಪಹಣಿ ಇತ್ತು, ಅರ್ಜಿ ಹಾಕಲು ಆಧಾರ ಇತ್ತು. ಲೈನ್ ಮನೆಯವರಿಗೆ ಮನೆಯೇ ಅವರದಲ್ಲ, ಯಾವ ನಷ್ಟಕ್ಕೆ ಅರ್ಜಿ ಹಾಕುವುದು? 2024, 2025ರಲ್ಲಿ ಕಾಫಿಗೆ ಹಿಂದೆ ಕಾಣದ ಬೆಲೆ ಬಂತು. ಒಳ್ಳೆಯದೇ ಆಯಿತು. ದರ ಬಂದ ವರ್ಷ ಚರ್ಚಿನ ಹಬ್ಬಕ್ಕೆ ಉದಾರವಾಗಿ ಕೊಟ್ಟವರು ಆಳುಗಳ ಲೈನಿಗೆ ಒಂದೊಂದು ಶೌಚಾಲಯವನ್ನೂ ಕಟ್ಟಿಸಿದರೆ ಅದೂ ಹಬ್ಬದ ಕಾಣಿಕೆಯೇ ಎಂದು ನಾನು ತಿಳಿಯುತ್ತೇನೆ.

ಶಿಶುವಿಹಾರ ಇಲ್ಲದ ಸಣ್ಣ ತೋಟಗಳ ನಡುವೆ ಧರ್ಮಕೇಂದ್ರಕ್ಕೆ ನಿಜವಾಗಿ ಕೆಲಸ ಇದೆ. ನಾಲ್ಕೈದು ತೋಟಗಳಿಗೆ ಸೇರಿ ಒಂದು ಕೋಣೆ, ನೋಡಿಕೊಳ್ಳಲು ಒಬ್ಬ ಅಮ್ಮ, ಮಧ್ಯಾಹ್ನದ ಊಟ. ಡಿಸೆಂಬರಿನಿಂದ ಮಾರ್ಚಿನವರೆಗೆ, ಕುಯ್ಲಿನ ನಾಲ್ಕು ತಿಂಗಳು ನಡೆದರೂ ಸಾಕು. ತಾಯಂದಿರು ಮಗುವನ್ನು ಕಾಫಿ ಗಿಡದ ಬುಡದಲ್ಲಿ ಬಟ್ಟೆ ಹಾಸಿ ಮಲಗಿಸಿ ಕುಯ್ಯುವುದನ್ನು ನೀವೂ ನೋಡಿರುತ್ತೀರಿ. ಆನೆ ತಿರುಗುವ ಜಾಗ ಅದು.

ಜೂನ್ ತಿಂಗಳ ಸಾಲ

ಕುಯ್ಲು ಮುಗಿದು, ಹೂಮಳೆ ಆಗಿ, ಕಪಾತು, ಮರಗಸಿ ಎಲ್ಲ ಮುಗಿದ ಮೇಲೆ ಜೂನ್ ಬರುತ್ತದೆ. ಮಳೆ ಹಿಡಿದರೆ ವಾರಕ್ಕೆ ಎರಡು ಮೂರು ದಿನ ಕೆಲಸ. ಅದೇ ತಿಂಗಳಲ್ಲಿ ಮಕ್ಕಳ ಶಾಲೆ, ಕೊಡೆ, ರೈನ್‌ಕೋಟು, ಜ್ವರ. ಸಾಲದ ಕಾಲ ಅದೇ. ಹಿಂದೆ ಮೇಸ್ತ್ರಿಯ ಮುಂಗಡ ಇತ್ತು. ಈಗ ಬಾಗಿಲಿಗೆ ಬಂದು ಸಾಲ ಕೊಡುವ ಕಂಪನಿಗಳಿವೆ. ಹತ್ತು ಹೆಂಗಸರ ಗುಂಪು, ವಾರವಾರ ಕಂತು, ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಒತ್ತಡ. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಒಂದು ಕುಟುಂಬದ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಕಿರುಕುಳ ಕೊಟ್ಟು ವಸೂಲಿ ಮಾಡುವುದರ ವಿರುದ್ಧ ಕರ್ನಾಟಕ ಸರ್ಕಾರ 2025ರಲ್ಲಿ ಕಾಯ್ದೆಯನ್ನೇ ತಂದಿತು. ರಾತ್ರಿ ಮನೆ ಮುಂದೆ ಬಂದು ಕೂಗಾಡಿದರೆ ಪೊಲೀಸ್ ಠಾಣೆಗೆ ಹೋಗಬಹುದು. ಇದು ಗೊತ್ತಿದ್ದರೆ ಆ ಮನೆಯಲ್ಲಿ ಯಾರೂ ವಿಷದ ಬಾಟಲಿ ಹುಡುಕುವುದಿಲ್ಲ.

ನಮ್ಮ ಸ್ವಸಹಾಯ ಸಂಘ ಇದಕ್ಕಿಂತ ಹೇಗೆ ಬೇರೆ ಎಂದು ಹೊಸಬರು ಕೇಳುತ್ತಾರೆ, ಯಾಕೆಂದರೆ ಹೊರಗಿನಿಂದ ಎರಡೂ ಹೆಂಗಸರ ಗುಂಪೇ. ವ್ಯತ್ಯಾಸ ಬಡ್ಡಿ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿದೆ. ಸಂಘದಲ್ಲಿ 15 ಜನ ವಾರಕ್ಕೆ 50 ರೂಪಾಯಿ ಹಾಕಿದರೆ ವರ್ಷಕ್ಕೆ 39,000 ರೂಪಾಯಿ ಅವರದೇ ದುಡ್ಡು. ಅದರಿಂದ ಕೊಟ್ಟ ಸಾಲದ ಬಡ್ಡಿಯೂ ಅವರಿಗೇ ಉಳಿಯುತ್ತದೆ. ಪುಸ್ತಕ ಅವರ ಕೈಯಲ್ಲಿ ಇರುತ್ತದೆ. 1992ರಲ್ಲಿ ನಬಾರ್ಡ್ ಇಂಥ ಸಂಘಗಳಿಗೆ ಬ್ಯಾಂಕಿನ ಬಾಗಿಲು ತೆರೆಯಿತು. ಕರ್ನಾಟಕದಲ್ಲಿ 2000ದ ಹೊತ್ತಿಗೆ ಸ್ತ್ರೀಶಕ್ತಿ ಬಂತು. ಆದರೆ ಬಯಲುಸೀಮೆಗೆ ಮಾಡಿದ ನಿಯಮವನ್ನು ಹಾಗೆಯೇ ಮಲೆನಾಡಿಗೆ ತಂದರೆ ಹೊಂದುವುದಿಲ್ಲ ಎಂದು ನನ್ನ ಅನುಭವ. ಪ್ರತಿ ವಾರ ಒಂದೇ ಮೊತ್ತ ಕಟ್ಟು ಎಂದರೆ ಜುಲೈಯಲ್ಲಿ ಸಂಘ ಒಡೆಯುತ್ತದೆ. ಕುಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ಕೈಗೆ ನಾಲ್ಕು ಕಾಸು ಹೆಚ್ಚು ಬರುವಾಗ 100 ಹಾಕಿ, ಮಳೆಗಾಲದಲ್ಲಿ 20 ಹಾಕಿ, ಜೂನ್‌ನಲ್ಲಿ ಸಾಲ ಎತ್ತಿ ಜನವರಿಯಲ್ಲಿ ತೀರಿಸಿ. ಹೀಗೆ ಮಾಡಿದ ಸಂಘಗಳು ನಿಂತಿವೆ. ಗಂಡಸರ ಬಟವಾಡೆ ದಿನವೇ ಸಭೆ ಇಟ್ಟುಕೊಳ್ಳಿ, ಸಂತೆಗೆ ಹೋಗುವ ಮೊದಲು! ಕಾರಣ ಹೇಳಬೇಕಾಗಿಲ್ಲ.

ಹೊರಗಿನಿಂದ ಬಂದ ಕುಟುಂಬಗಳ ವಿಷಯ ಹೇಳಿದೆನಲ್ಲ, ಅವರಿಗೆ ಮೊದಲು ಬೇಕಾಗಿರುವುದು ಪಡಿತರದ ಮಾಹಿತಿ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಅಸ್ಸಾಮಿನ ಅಥವಾ ಜಾರ್ಖಂಡಿನ ಚೀಟಿ ಇದ್ದವರು ಮೂಡಿಗೆರೆಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಆಹಾರ ಭದ್ರತೆಯ ಆ ಧಾನ್ಯ, ಆದ್ಯತಾ ಕುಟುಂಬಕ್ಕೆ ಒಬ್ಬರಿಗೆ ತಿಂಗಳಿಗೆ 5 ಕಿಲೋ, 2023ರ ಜನವರಿಯಿಂದ ಉಚಿತವಾಗಿದೆ. ಐದು ಜನರ ಕುಟುಂಬಕ್ಕೆ ತಿಂಗಳಿಗೆ 25 ಕಿಲೋ. ನಾವು ವರ್ಷಕ್ಕೊಮ್ಮೆ ಕೊಡುವ 10 ಕಿಲೋ ಪಕ್ಕದಲ್ಲಿ ಇಟ್ಟು ನೋಡಿ. ಜೊತೆಗೆ ಹೋಗಿ ಅಂಗಡಿಯವರಿಗೆ ವಿವರಿಸಲು ಹಿಂದಿ ಬಲ್ಲ ನಮ್ಮ ಕಾಲೇಜು ಮಕ್ಕಳು ಎರಡು ಗಂಟೆ ಕೊಟ್ಟರೆ ಆ ಕೆಲಸ ಆಗುತ್ತದೆ.

ಹಣ ಎಲ್ಲಿಂದ?

ಚರ್ಚಿಗೆ ವಿದೇಶದಿಂದ ಕೋಟಿಗಟ್ಟಲೆ ಬರುತ್ತದೆ ಎಂಬ ಮಾತು ಇನ್ನೂ ಇದೆ. ಹಿಂದೆ ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಸ್ಥೆಗಳು ಹೊರದೇಶದ ಯೋಜನೆಗಳಿಂದ ಬಾವಿ, ಮನೆ, ಹೊಲಿಗೆ ತರಬೇತಿ ಮಾಡಿದ್ದು ನಿಜ. 2010ರ ವಿದೇಶಿ ವಂತಿಗೆ ಕಾಯ್ದೆಗೆ 2020ರ ಸೆಪ್ಟೆಂಬರಿನಲ್ಲಿ ಆದ ತಿದ್ದುಪಡಿಯಿಂದ ಆ ದಾರಿ ಬಹಳ ಕಿರಿದಾಗಿದೆ. ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಬರಬೇಕು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ಖರ್ಚು ನೂರಕ್ಕೆ 20ರೊಳಗೆ ಇರಬೇಕು, ಮೊದಲು 50ರವರೆಗೆ ಇತ್ತು. ಕಾರ್ಯಕರ್ತೆಯರ ಸಂಬಳದ ಬಹುಭಾಗ ಆಡಳಿತ ಖರ್ಚಿಗೇ ಸೇರಿದರೆ, ಲೈನ್ ಮನೆಗೆ ನಡೆದು ಹೋಗುವವರು ಯಾರು ಎಂಬ ಪ್ರಶ್ನೆ ಏಳುತ್ತದೆ.

1962ರಲ್ಲಿ ಸ್ಥಾಪನೆಯಾದ ಕಾರಿತಾಸ್ ಇಂಡಿಯಾ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸುತ್ತದೆ. ಆಗ ನಿಮ್ಮ ಮನೆಗೆ ಬರುವ ಕಾಗದದ ಡಬ್ಬಿ ಅದರದ್ದೇ. ಮಕ್ಕಳು ಮಿಠಾಯಿ ಬಿಟ್ಟು ಹಾಕಿದ ನಾಣ್ಯ, ನೀವು ಶುಕ್ರವಾರ ಮೀನು ಬಿಟ್ಟು ಹಾಕಿದ ನೋಟು, ಸಂತ ಅಂತೋಣಿಯವರ ಹೆಸರಿನ ಡಬ್ಬಿ: ಇನ್ನು ಮುಂದೆ ನಮ್ಮ ಕೆಲಸ ನಿಲ್ಲುವುದು ಹೆಚ್ಚಾಗಿ ಇವುಗಳ ಮೇಲೆ. ಇದರಲ್ಲಿ ನನಗೆ ದುಃಖ ಇಲ್ಲ. ಊರಿನ ದುಡ್ಡಾದರೆ ಊರಿನವರು ಲೆಕ್ಕ ಕೇಳುತ್ತಾರೆ. ಕೇಳಿ. ವರ್ಷಕ್ಕೊಮ್ಮೆ ಬಡವರ ನಿಧಿಯ ಲೆಕ್ಕವನ್ನು ಚರ್ಚಿನ ಬೋರ್ಡಿಗೆ ಹಾಕಿಸಿ. ಪಡೆದವರ ಹೆಸರು ಬೇಡ, ಫೋಟೋ ಖಂಡಿತ ಬೇಡ. ಎಷ್ಟು ಬಂತು, ಎಷ್ಟು ಅಕ್ಕಿಗೆ, ಎಷ್ಟು ಔಷಧಿಗೆ, ಎಷ್ಟು ಬಸ್ ಚಾರ್ಜಿಗೆ ಹೋಯಿತು ಎಂದು ಬರೆದರೆ ಸಾಕು.

ಅಕ್ಕಿ ಹಂಚುವುದನ್ನೇ ನಿಲ್ಲಿಸಿ ಎಂದು ನಾನು ಹೇಳಿದೆ ಎಂದು ಯಾರೂ ತಿಳಿಯಬಾರದು. ಪಿಂಚಣಿ ಬರಲು ಆರು ತಿಂಗಳಾದರೆ ಆ ಆರು ತಿಂಗಳು ಒಲೆ ಉರಿಯಬೇಕು. ಹಾಸಿಗೆ ಹಿಡಿದ ಮುದುಕನಿಗೆ ಯಾವ ಅರ್ಜಿಯಿಂದಲೂ ಗಂಜಿ ಬರುವುದಿಲ್ಲ, ಯಾರಾದರೂ ಮಾಡಿ ಕೊಡಬೇಕು. ಪೋಪ್ 14ನೇ ಲಿಯೋ ಅವರು 2025ರ ಅಕ್ಟೋಬರಿನಲ್ಲಿ ಬಡವರ ಬಗ್ಗೆ ಪ್ರಕಟಿಸಿದ ಪತ್ರದಲ್ಲಿ ಭಿಕ್ಷೆಯನ್ನು ಹಗುರವಾಗಿ ಕಾಣಬೇಡಿ ಎಂದಿದ್ದಾರೆ; ಬಡವನಿಗೆ ಒಳ್ಳೆಯ ಕೆಲಸ ಸಿಗುವುದು ಅದಕ್ಕಿಂತ ದೊಡ್ಡ ಸಹಾಯ ಎಂಬುದನ್ನೂ ಅಲ್ಲೇ ಸೇರಿಸಿದ್ದಾರೆ.

ನವೆಂಬರಿನಲ್ಲಿ ಬರುವ ಬಡವರ ವಿಶ್ವ ದಿನವನ್ನು 2017ರಿಂದ ಆಚರಿಸುತ್ತಿದ್ದೇವೆ. ಅರೇಬಿಕಾ ಹಣ್ಣಾಗುವ ಹೊತ್ತು ಅದು; ಕುಯ್ಲಿಗೆ ಆಳುಗಳು ಬಂದು ಇಳಿಯುವ ಕಾಲ. ಆ ಭಾನುವಾರ ಊಟ ಹಾಕುವ ಧರ್ಮಕೇಂದ್ರಗಳು ಊಟದ ಪಕ್ಕದಲ್ಲೇ ಒಂದು ಮೇಜು ಇಟ್ಟು ಕಾಗದ ನೋಡುವ ವ್ಯವಸ್ಥೆ ಮಾಡಬಹುದು. ಗುರಿಕಾರರು ತಮ್ಮ ವಾಳೆಯ ಸುತ್ತ ಇರುವ ಲೈನ್ ಮನೆಗಳಿಗೆಲ್ಲ, ವಾಳೆಯವರಲ್ಲದವರಿಗೂ, ಮುಂಚಿನ ವಾರವೇ ಹೇಳಿಬರಬೇಕು. ಬರುವವರು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಿ.ಎಫ್. ನಂಬರು ಬರೆದ ಯಾವುದೇ ಹಳೆಯ ಚೀಟಿ, ಬಟವಾಡೆ ಪುಸ್ತಕ ಇದ್ದರೆ ಅದು, ಗಂಡ ಅಥವಾ ಹೆಂಡತಿ ತೀರಿಕೊಂಡಿದ್ದರೆ ಮರಣ ಪತ್ರ ತರಲಿ. ಮೂಲ ಕಾಗದವನ್ನು ಯಾರ ಕೈಗೂ ಬಿಟ್ಟು ಹೋಗುವುದು ಬೇಡ, ನಮ್ಮ ಕೈಗೂ ಬೇಡ. ಜೆರಾಕ್ಸ್ ಕೊಟ್ಟರೆ ಸಾಕು. ಯಾವುದೂ ಇಲ್ಲದಿದ್ದರೆ ಗೋಡೆಯ ಮೇಲಿನ ಆ ಪ್ಲಾಸ್ಟಿಕ್ ಚೀಲವನ್ನೇ ಹಾಗೆಯೇ ತರಲಿ.